ನಕ್ಷತ್ರ ಸಿಡಿದಾಗ ಏನೇನು ಹುಟ್ಟುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಆಕಾಶ ನೋಡುವ ರಾತ್ರಿಗಳಲ್ಲಿ ದೂರದರ್ಶಕದ ಮುಂದೆ ಸಾಲು ನಿಂತವರು, ಶಾಲೆಯಲ್ಲಿ ಮಾತು ಮುಗಿಸಿ ಹೊರಟಾಗ ಬಾಗಿಲ ಬಳಿ ಹಿಡಿದು ನಿಲ್ಲಿಸಿದ ಮಕ್ಕಳು, ಪತ್ರ ಬರೆದವರು, ಲೇಖನಗಳ ಕೆಳಗೆ ಟಿಪ್ಪಣಿ ಹಾಕಿದವರು ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ತಲೆ ಕೆರೆದುಕೊಳ್ಳುವಂಥವು ಕೊನೆಗೆ. “ಎಲ್ಲ ಧಾತುಗಳೂ ಸೂಪರ್‌ನೋವಾದಲ್ಲೇ ಹುಟ್ಟಿದ್ದು” ಎಂದು ಒಂದು ಕಾಲದಲ್ಲಿ ನಾನೂ ವೇದಿಕೆ ಮೇಲೆ ಹೇಳುತ್ತಿದ್ದೆ. ಅದು ಅರ್ಧ ಸತ್ಯ. ಉಳಿದರ್ಧ ಕೆಳಗಿದೆ.

## ಮೊದಲಿಗೆ

ಸೂಪರ್‌ನೋವಾ ಅಂದ್ರೆ ಹೊಸ ನಕ್ಷತ್ರ ಹುಟ್ಟೋದಾ, ಹಳೇದು ಸಾಯೋದಾ?

ಸಾಯುವುದು. ಹೆಸರೇ ದಾರಿ ತಪ್ಪಿಸುತ್ತದೆ. ಲ್ಯಾಟಿನ್‌ನಲ್ಲಿ ‘ನೋವಾ’ ಎಂದರೆ ಹೊಸದು. ನಿನ್ನೆ ಏನೂ ಕಾಣದಿದ್ದ ಜಾಗದಲ್ಲಿ ಇಂದು ಚುಕ್ಕಿ ಮಿನುಗಿದರೆ ಹೊಸ ನಕ್ಷತ್ರ ಹುಟ್ಟಿತೆಂದೇ ಹಿಂದಿನವರು ಬಗೆದರು. ಕನ್ನಡದ ‘ನವ್ಯ’, ‘ಮಹಾನವ್ಯ’ ಪದಗಳೂ ಅದೇ ದಾರಿ ಹಿಡಿದವು. 1054ರಲ್ಲಿ ಚೀನಾದ ಆಸ್ಥಾನದ ಆಕಾಶವೀಕ್ಷಕರು ಇಂಥದೊಂದನ್ನು ‘ಅತಿಥಿ ನಕ್ಷತ್ರ’ ಎಂದು ದಾಖಲಿಸಿದರು. ಮೂರು ವಾರ ಅದು ಹಗಲಿನಲ್ಲೂ ಕಂಡಿತ್ತಂತೆ. ಅತಿಥಿ ಎಂಬ ಹೆಸರೇ ನನಗಿಷ್ಟ: ಬಂದರು, ಬೆಳಗಿದರು, ಹೋದರು. ಆ ಜಾಗದಲ್ಲಿ ಈಗ ಏಡಿ ನೀಹಾರಿಕೆ ಇದೆ. ಅದರ ನಡುವೆ ಸೆಕೆಂಡಿಗೆ ಸುಮಾರು 30 ಸುತ್ತು ತಿರುಗುವ ನ್ಯೂಟ್ರಾನ್ ನಕ್ಷತ್ರ, ಅಂದರೆ ಸತ್ತ ನಕ್ಷತ್ರದ ಕುಗ್ಗಿದ ತಿರುಳು, ಇದೆ. ‘ಸೂಪರ್‌ನೋವಾ’ ಪದವನ್ನು ಚಲಾವಣೆಗೆ ತಂದವರು ವಾಲ್ಟರ್ ಬಾಡೆ ಮತ್ತು ಫ್ರಿಟ್ಜ್ ಜ್ವಿಕಿ. ಸಾಮಾನ್ಯ ನಕ್ಷತ್ರ ಸತ್ತು ನ್ಯೂಟ್ರಾನ್ ನಕ್ಷತ್ರವಾಗುತ್ತದೆ ಎಂದು 1934ರಲ್ಲೇ ಊಹಿಸಿದವರೂ ಅವರೇ. ನ್ಯೂಟ್ರಾನ್ ಎಂಬ ಕಣ ಪತ್ತೆಯಾಗಿ ಆಗಿನ್ನೂ ಎರಡೇ ವರ್ಷವಾಗಿತ್ತು.

ಬಿಗ್ ಬ್ಯಾಂಗ್‌ನಲ್ಲೇ ಎಲ್ಲಾ ಹುಟ್ಟಿತು ಅಂತಾರೆ. ಹಾಗಾದ್ರೆ ನಕ್ಷತ್ರಕ್ಕೆ ಏನು ಕೆಲಸ ಉಳೀತು?

ಬಹುತೇಕ ಎಲ್ಲವೂ ಉಳಿಯಿತು. ವಿಶ್ವದ ಮೊದಲ ಕೆಲವು ನಿಮಿಷಗಳಲ್ಲಿ ತಯಾರಾದದ್ದು ಹೈಡ್ರೋಜನ್, ಹೀಲಿಯಂ, ಜೊತೆಗೆ ಚಿಟಿಕೆಯಷ್ಟು ಲಿಥಿಯಂ. ತೂಕದ ಲೆಕ್ಕದಲ್ಲಿ ಮುಕ್ಕಾಲು ಪಾಲು ಹೈಡ್ರೋಜನ್, ಕಾಲು ಪಾಲು ಹೀಲಿಯಂ. ಅಲ್ಲಿಗೆ ನಿಂತಿದ್ದಕ್ಕೆ ಕಾರಣ ಮೆಟ್ಟಿಲುಗಳೇ ಇಲ್ಲದಿರುವುದು. 5 ಅಥವಾ 8 ಕಣಗಳಿರುವ ಯಾವ ನ್ಯೂಕ್ಲಿಯಸ್ಸೂ (ಪರಮಾಣುವಿನ ನಡುತಿರುಳು) ಬಾಳುವುದಿಲ್ಲ. ಹೀಲಿಯಂಗೆ (4) ಇನ್ನೊಂದು ಕಣ ಅಂಟಿಸಿದರೂ, ಎರಡು ಹೀಲಿಯಂ ಸೇರಿಸಿದರೂ ಕೂಡಲೇ ಒಡೆದುಹೋಗುತ್ತದೆ. ಅಷ್ಟರಲ್ಲಿ ವಿಶ್ವ ಹಿಗ್ಗಿ ತಣ್ಣಗಾಯಿತು, ಒಲೆ ಆರಿತು.

ನಕ್ಷತ್ರದ ಒಡಲಲ್ಲಿ ಒತ್ತಡವೂ ಇದೆ, ಸಮಯವೂ ಇದೆ. ಮೂರು ಹೀಲಿಯಂ ಹೆಚ್ಚುಕಡಿಮೆ ಒಟ್ಟಿಗೇ ಢಿಕ್ಕಿಯಾದರೆ ಕಾರ್ಬನ್ ಆಗುತ್ತದೆ. ಆದರೆ ಲೆಕ್ಕ ಹಾಕಿದಾಗ ಆ ವೇಗದಲ್ಲಿ ಇಷ್ಟೊಂದು ಕಾರ್ಬನ್ ಹುಟ್ಟುವಂತಿರಲಿಲ್ಲ. 1953ರಲ್ಲಿ ಖಗೋಳಜ್ಞ ಫ್ರೆಡ್ ಹಾಯ್ಲ್ ತಲೆಕೆಳಗಾಗಿ ವಾದಿಸಿದರು: ವಿಶ್ವದಲ್ಲಿ ಇಷ್ಟೊಂದು ಕಾರ್ಬನ್ ಇದೆ, ಆದ್ದರಿಂದ ಕಾರ್ಬನ್ ನ್ಯೂಕ್ಲಿಯಸ್ಸಿಗೆ ಸರಿಸುಮಾರು 7.65 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಒಂದು ವಿಶೇಷ ಸ್ಥಿತಿ ಇರಲೇಬೇಕು. ಕ್ಯಾಲ್ಟೆಕ್‌ನ ವಿಲಿಯಂ ಫೌಲರ್ ಮೊದಲು ನಂಬಲಿಲ್ಲ. ಅವರದೇ ಪ್ರಯೋಗಾಲಯದವರು ಅಳೆದು ನೋಡಿದರೆ ಅದು ಅಲ್ಲೇ ಇತ್ತು!

ನಮ್ಮ ಸೂರ್ಯನೂ ಹೀಗೇ ಸಿಡೀತಾನಾ?

ಇಲ್ಲ. ಕುಸಿದು ಸಿಡಿಯಲು ಹುಟ್ಟುವಾಗಲೇ ಸೂರ್ಯನ ಎಂಟು ಪಟ್ಟಿಗಿಂತ ಹೆಚ್ಚು ತೂಕವಿರಬೇಕು. ಸೂರ್ಯ ಸುಮಾರು 500 ಕೋಟಿ ವರ್ಷದ ನಂತರ ಉಬ್ಬಿ ಕೆಂಪು ದೈತ್ಯನಾಗಿ, ಹೊರಪದರ ಕಳಚಿ, ಭೂಮಿಯಷ್ಟು ಗಾತ್ರದ ಶ್ವೇತಕುಬ್ಜವಾಗಿ ತಣ್ಣಗೆ ಕೂರುತ್ತಾನೆ. ಒಂಟಿ ಜೀವ. ಜೊತೆಗಾರ ನಕ್ಷತ್ರವಿದ್ದಿದ್ದರೆ ಕಥೆ ಬೇರೆಯಾಗಬಹುದಿತ್ತು. ಅದು ಮುಂದೆ ಕಬ್ಬಿಣದ ಪ್ರಶ್ನೆಯಲ್ಲಿ ಬರುತ್ತದೆ.

ಆರಿದ್ರಾ ನಕ್ಷತ್ರ ಸಿಡಿಯುತ್ತೆ ಅಂತ ಟಿವಿಯಲ್ಲಿ ಬಂದಿತ್ತಲ್ಲ, ಏನಾಯ್ತು? ಮಳೆಗೇನಾದ್ರೂ ತೊಂದರೆನಾ?

ಮಂಡ್ಯದ ಕಡೆಯ ಹಿರಿಯರೊಬ್ಬರು ನಿಜಕ್ಕೂ ಆತಂಕದಿಂದ ಕೇಳಿದ ಪ್ರಶ್ನೆ. “ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ” ಎಂದು ನಂಬಿ ಬಿತ್ತುವವರಿಗೆ ಇದು ತಮಾಷೆಯಲ್ಲ. ಆರಿದ್ರಾ ಮಳೆ ಎಂದರೆ ಸೂರ್ಯ ಆಕಾಶದ ಆ ಭಾಗದಲ್ಲಿ ಕಾಣುವ ಜೂನ್ ಕೊನೆಯ ದಿನಗಳ ಹೆಸರು, ಅಷ್ಟೇ. ಮಳೆ ತರುವುದು ಮುಂಗಾರು. ನಕ್ಷತ್ರ ಸಿಡಿದರೂ ಅದಕ್ಕೇನೂ ಆಗದು.

ಸುದ್ದಿಯ ಮೂಲ ಇದು: ಮಹಾವ್ಯಾಧನ ಭುಜದಲ್ಲಿರುವ ಈ ಕೆಂಪು ಮಹಾದೈತ್ಯ (ಬೀಟಲ್‌ಜೂಸ್) 2019ರ ಕೊನೆಯಲ್ಲಿ ಮಂಕಾಗತೊಡಗಿ 2020ರ ಫೆಬ್ರವರಿಯಲ್ಲಿ ಬರಿಗಣ್ಣಿಗೇ ತಿಳಿಯುವಷ್ಟು ಕುಗ್ಗಿತು. ಅದು ತಾನೇ ಉಗುಳಿದ ಅನಿಲ ತಣಿದು ದೂಳಾಗಿ ಮುಖಕ್ಕೆ ಅಡ್ಡ ಬಂದಿತ್ತು. ಮತ್ತೆ ಬೆಳಗಿತು. ಮುಂದಿನ ಸುಮಾರು ಒಂದು ಲಕ್ಷ ವರ್ಷಗಳಲ್ಲಿ ಎಂದಾದರೂ ಸಿಡಿಯುವುದು ಖಚಿತ. ಆಗ ಹಗಲಲ್ಲೂ ಕಂಡೀತು. ನಮ್ಮ ಓಝೋನ್ ಪದರಕ್ಕೆ ಪೆಟ್ಟು ಕೊಡಬೇಕಾದರೆ ಸೂಪರ್‌ನೋವಾ ಸುಮಾರು 30 ಜ್ಯೋತಿರ್ವರ್ಷದೊಳಗೆ ಆಗಬೇಕು. ಇದು 500ಕ್ಕೂ ಹೆಚ್ಚು ದೂರದಲ್ಲಿದೆ.

ಗೆಲಾಕ್ಸಿಯಲ್ಲಿ ಎಷ್ಟು ವರ್ಷಕ್ಕೊಂದು ಸಿಡಿಯುತ್ತೆ? ನಮ್ಮಜ್ಜನೂ ನೋಡಿಲ್ಲ, ನಾನೂ ನೋಡಿಲ್ಲ.

ಶತಮಾನಕ್ಕೆ ಒಂದೆರಡು. ನಿಮ್ಮಜ್ಜನ ಅಜ್ಜನೂ ನೋಡಿರಲಿಕ್ಕಿಲ್ಲ. ನಮ್ಮ ಗೆಲಾಕ್ಸಿಯಲ್ಲಿ ಬರಿಗಣ್ಣಿಗೆ ಕಂಡ ಕೊನೆಯದು 1604ರದ್ದು, ಕೆಪ್ಲರ್ ಅಧ್ಯಯನ ಮಾಡಿದ್ದು. ಆಮೇಲೆ ಸಿಡಿದಿಲ್ಲವೆಂದಲ್ಲ, ಗೆಲಾಕ್ಸಿಯ ತಟ್ಟೆಯಲ್ಲಿ ತುಂಬಿದ ದೂಳು ಮರೆಮಾಡಿತು. ಕ್ಯಾಸಿಯೋಪಿಯ-ಎ ಎಂಬ ಅವಶೇಷದ ಸ್ಫೋಟದ ಬೆಳಕು 17ನೇ ಶತಮಾನದ ಕೊನೆಯ ಭಾಗದಲ್ಲಿ ಭೂಮಿಗೆ ತಲುಪಿರಬೇಕು. ಖಚಿತವಾಗಿ ಕಂಡವರೆಂದು ಹೇಳಬಹುದಾದವರು ಯಾರೂ ಇಲ್ಲ. 1987ರಲ್ಲಿ ಬರಿಗಣ್ಣಿಗೆ ಕಂಡದ್ದು ನೆರೆಯ ಪುಟ್ಟ ಗೆಲಾಕ್ಸಿಯಾದ ದೊಡ್ಡ ಮೆಗಲಾನಿಕ್ ಮೋಡದಲ್ಲಿ. ಬೆಂಗಳೂರಿನಿಂದ ಅದು ದಕ್ಷಿಣ ದಿಗಂತದಿಂದ ಏಳೆಂಟು ಡಿಗ್ರಿಯಷ್ಟೇ ಮೇಲೇರುತ್ತದೆ, ನೋಡಲು ಅದೃಷ್ಟ ಬೇಕಿತ್ತು.

## ಒಡಲೊಳಗಿನ ಲೆಕ್ಕ

ನಕ್ಷತ್ರ ಕಬ್ಬಿಣದವರೆಗೆ ಮಾತ್ರ ಮಾಡುತ್ತೆ ಅಂತ ಓದಿದ್ದೇವೆ. ಕಬ್ಬಿಣಕ್ಕೇ ಯಾಕೆ ನಿಲ್ಲಬೇಕು?

ಹಗುರ ನ್ಯೂಕ್ಲಿಯಸ್ಸುಗಳು ಸೇರಿದರೆ ಶಕ್ತಿ ಹೊರಬರುತ್ತದೆ. ಯುರೇನಿಯಂನಂಥ ಭಾರಿ ನ್ಯೂಕ್ಲಿಯಸ್ ಒಡೆದರೂ ಶಕ್ತಿ ಹೊರಬರುತ್ತದೆ. ಎರಡು ಇಳಿಜಾರುಗಳು ಕೂಡುವ ಕಣಿವೆಯ ತಳ ಕಬ್ಬಿಣ-ನಿಕಲ್‌ಗಳ ಗುಂಪು. ಅಲ್ಲಿಂದ ಯಾವ ಕಡೆ ಹೋಗಬೇಕಾದರೂ ಏರಬೇಕು, ಶಕ್ತಿ ಕೊಡಬೇಕು. ನಕ್ಷತ್ರವನ್ನು ಅದರದೇ ಭಾರದ ವಿರುದ್ಧ ಎತ್ತಿ ಹಿಡಿದಿರುವುದು ಒಳಗಿನಿಂದ ಬರುವ ಶಕ್ತಿ. ಗಿರಾಕಿಯೇ ಕಾಸು ಕೇಳಲು ಶುರುಮಾಡಿದರೆ ಅಂಗಡಿ ಮುಚ್ಚಬೇಕಲ್ಲ, ಹಾಗೆ.

ಅವಸರ ಹೇಗೆ ಹೆಚ್ಚುತ್ತದೆ ನೋಡಿ. ಸೂರ್ಯನ 25 ಪಟ್ಟು ತೂಕದ ನಕ್ಷತ್ರ ಹೈಡ್ರೋಜನ್ ಉರಿಸಲು ಸುಮಾರು 70 ಲಕ್ಷ ವರ್ಷ ತೆಗೆದುಕೊಳ್ಳುತ್ತದೆ, ಹೀಲಿಯಂಗೆ ಏಳೆಂಟು ಲಕ್ಷ. ಕಾರ್ಬನ್‌ಗೆ ಐದಾರು ನೂರು ವರ್ಷ. ನಿಯಾನ್ ಒಂದು ವರ್ಷ, ಆಮ್ಲಜನಕ ಕೆಲವು ತಿಂಗಳು. ಸಿಲಿಕಾನ್ ಉರಿದು ಕಬ್ಬಿಣದ ಗುಂಪಿನ ತಿರುಳಾಗಲು ಒಂದೇ ದಿನ! ಆ ಹೊತ್ತಿಗೆ ನಕ್ಷತ್ರ ಈರುಳ್ಳಿಯಂತೆ ಪದರಪದರ: ಹೊರಗೆ ಹೈಡ್ರೋಜನ್, ಒಳಕ್ಕೆ ಹೋದಂತೆ ಹೀಲಿಯಂ, ಕಾರ್ಬನ್, ಆಮ್ಲಜನಕ, ಸಿಲಿಕಾನ್.

ಒಳಕ್ಕೆ ಕುಸಿಯೋದು ಹೊರಕ್ಕೆ ಹೇಗೆ ಸಿಡಿಯುತ್ತೆ? ಇದು ಅರ್ಥವೇ ಆಗಲ್ಲ.

ತಿರುಳು ಸೂರ್ಯನ ತೂಕದ 1.4 ಪಟ್ಟಿನ ಆಸುಪಾಸಿಗೆ ಬಂದಾಗ ಎಲೆಕ್ಟ್ರಾನುಗಳ ಒತ್ತಡ ಸೋಲುತ್ತದೆ. ಈ ಮಿತಿಯ ಲೆಕ್ಕ ಶುರುವಾದದ್ದು 1930ರಲ್ಲಿ ಇಂಗ್ಲೆಂಡಿಗೆ ಹೊರಟ ಹಡಗಿನಲ್ಲಿ, 19 ವರ್ಷದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಕೈಯಲ್ಲಿ. ಭೂಮಿಯ ಗಾತ್ರದ ತಿರುಳು ಒಂದು ಸೆಕೆಂಡಿಗೂ ಕಡಿಮೆ ಸಮಯದಲ್ಲಿ ಕೆಲವು ಹತ್ತು ಕಿಲೋಮೀಟರ್‌ಗೆ ಕುಗ್ಗುತ್ತದೆ. ಎಲೆಕ್ಟ್ರಾನುಗಳು ಪ್ರೋಟಾನುಗಳೊಳಗೆ ಹಿಂಡಲ್ಪಟ್ಟು ನ್ಯೂಟ್ರಾನುಗಳಾಗುತ್ತವೆ, ನ್ಯೂಟ್ರಿನೊಗಳು (ಬಹುತೇಕ ಏನನ್ನೂ ತಾಗದೆ ಹಾದುಹೋಗುವ ಕಣಗಳು) ಹುಟ್ಟುತ್ತವೆ. ನ್ಯೂಕ್ಲಿಯಸ್ಸಿನಷ್ಟು ಸಾಂದ್ರವಾದ ಮೇಲೆ ತಿರುಳು ಗಟ್ಟಿಯಾಗಿ, ಮೇಲಿಂದ ಬೀಳುವ ಪದಾರ್ಥವನ್ನು ವಾಪಸು ಒದೆಯುತ್ತದೆ.

ಆ ಒದೆತ ಮಾತ್ರ ಸಾಲದು. ಆಘಾತದ ಅಲೆ ಕೆಲವು ನೂರು ಕಿಲೋಮೀಟರ್ ಹೋಗಿ ಏದುಸಿರು ಬಿಟ್ಟು ನಿಲ್ಲುತ್ತದೆ. ಅದಕ್ಕೆ ಮತ್ತೆ ಕಾವು ಕೊಡುವುದು ಒಳಗಿಂದ ನುಗ್ಗಿ ಬರುವ ನ್ಯೂಟ್ರಿನೊಗಳು. ಸ್ಫೋಟದ ಒಟ್ಟು ಶಕ್ತಿಯಲ್ಲಿ ನೂರಕ್ಕೆ 99 ಪಾಲು ನ್ಯೂಟ್ರಿನೊಗಳದ್ದು, ಪದಾರ್ಥವನ್ನು ಎರಚಲು ಬಳಕೆಯಾಗುವುದು ಒಂದು ಪಾಲು, ನಾವು ನೋಡಿ ಬೆರಗಾಗುವ ಬೆಳಕು ಆ ಒಂದರಲ್ಲಿ ನೂರನೆಯ ಒಂದು ಭಾಗ. ಮದುವೆ ಊಟದಲ್ಲಿ ನಮ್ಮ ಎಲೆಗೆ ಬಿದ್ದದ್ದು ಒಂದು ಚಮಚ ಪಾಯಸ!

ಹಾಗಾದ್ರೆ ಸ್ಫೋಟದಲ್ಲಿ ಹೊಸದಾಗಿ ಹುಟ್ಟೋದು ಯಾವುದು, ಮೊದಲೇ ಇದ್ದು ಹೊರಗೆ ಬರೋದು ಯಾವುದು?

ಎಲ್ಲರೂ ಕೇಳಬೇಕಾದ, ಕೆಲವರೇ ಕೇಳುವ ಪ್ರಶ್ನೆ. ನಿಮ್ಮ ಉಸಿರಿನ ಆಮ್ಲಜನಕ ಬಹುತೇಕ ಸ್ಫೋಟಕ್ಕೆ ಮೊದಲೇ, ನಕ್ಷತ್ರದ ಶಾಂತ ದಿನಗಳಲ್ಲಿ ಬೆಂದದ್ದು. ಮೆಗ್ನೀಸಿಯಂ, ನಿಯಾನ್ ಕೂಡ ಹೆಚ್ಚಾಗಿ ಹಾಗೆಯೇ. ಸ್ಫೋಟ ಅವನ್ನು ಬಡಿಸಿತು. ಇಲ್ಲದಿದ್ದರೆ ಅಷ್ಟೂ ತಳದಲ್ಲೇ ಹೂತುಹೋಗುತ್ತಿತ್ತು.

ಸ್ಫೋಟವೇ ಬೇಯಿಸುವುದೂ ಉಂಟು. ಆಘಾತದ ಅಲೆ ಸಿಲಿಕಾನ್, ಆಮ್ಲಜನಕದ ಪದರಗಳನ್ನು ಹಾಯುವಾಗ ಉಷ್ಣತೆ ನೂರಾರು ಕೋಟಿ ಡಿಗ್ರಿಗೆ ಏರುತ್ತದೆ. ಸೆಕೆಂಡುಗಳಲ್ಲಿ ಗಂಧಕ, ಆರ್ಗಾನ್, ಕ್ಯಾಲ್ಸಿಯಂ ತಯಾರು. ತೀರಾ ಒಳಗಿನ ಭಾಗದಲ್ಲಿ ನಿಕಲ್-56 (56 ಎಂದರೆ ನ್ಯೂಕ್ಲಿಯಸ್ಸಿನಲ್ಲಿರುವ ಕಣಗಳ ಎಣಿಕೆ). ಕುತೂಹಲದ ಸಂಗತಿ ಎಂದರೆ ತಿರುಳಲ್ಲಿ ಕೂಡಿಟ್ಟ ಕಬ್ಬಿಣವೆಲ್ಲ ನ್ಯೂಟ್ರಾನ್ ನಕ್ಷತ್ರಕ್ಕೋ ಕಪ್ಪುಕುಳಿಗೋ ಬಲಿ. ನಮಗೆ ಸಿಗುವ ಕಬ್ಬಿಣ ಸ್ಫೋಟದಲ್ಲಿ ಹೊಸದಾಗಿ, ಅದೂ ನಿಕಲ್ ವೇಷದಲ್ಲಿ ಹುಟ್ಟಿದ್ದು. ನಿಕಲ್-56ರ ಅರ್ಧಾಯುಷ್ಯ (ಅರ್ಧದಷ್ಟು ಕ್ಷಯಿಸಲು ಹಿಡಿಯುವ ಸಮಯ) 6 ದಿನ. ಅದು ಕೋಬಾಲ್ಟ್-56 ಆಗುತ್ತದೆ. ಕೋಬಾಲ್ಟ್‌ನ ಅರ್ಧಾಯುಷ್ಯ 77 ದಿನ, ಅದು ಕಬ್ಬಿಣ-56. ಸೂಪರ್‌ನೋವಾ ತಿಂಗಳುಗಟ್ಟಲೆ ಬೆಳಗುವುದು ಈ ಕ್ಷಯದ ಕಾವಿನಿಂದಲೇ.

ನಮ್ಮ ರಕ್ತದ ಕಬ್ಬಿಣ, ಸಂಡೂರಿನ ಅದಿರು, ಎಲ್ಲಾ ಒಂದೇ ನಕ್ಷತ್ರದಿಂದ ಬಂದಿದ್ದಾ?

ಒಂದರಿಂದಲ್ಲ, ಒಂದೇ ಬಗೆಯದರಿಂದಲೂ ಅಲ್ಲ. ನಮ್ಮ ಸುತ್ತಲಿನ ಕಬ್ಬಿಣದಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು ಭಾರಿ ನಕ್ಷತ್ರಗಳ ಸಾವಿನಿಂದಲ್ಲ, ಶ್ವೇತಕುಬ್ಜಗಳ ಸ್ಫೋಟದಿಂದ. ಸೂರ್ಯನಂಥ ನಕ್ಷತ್ರ ಸತ್ತು ಕಾರ್ಬನ್-ಆಮ್ಲಜನಕದ ಉಂಡೆಯಾಗಿ ಕೂತಿರುತ್ತದೆ. ಜೊತೆಗಾರನಿಂದ ಅನಿಲ ಹೀರಿ ಅಥವಾ ಇನ್ನೊಂದು ಶ್ವೇತಕುಬ್ಜದ ಜೊತೆ ಬೆರೆತು ಹೊತ್ತಿಕೊಂಡರೆ ಇಡೀ ಉಂಡೆಯೇ ಒಮ್ಮೆಗೆ ಉರಿದು ಚೂರಾಗುತ್ತದೆ, ನಡುವೆ ಏನೂ ಉಳಿಯದು. ಇದನ್ನು ‘ಒಂದು-ಎ’ ಮಾದರಿ ಎನ್ನುತ್ತಾರೆ. ಒಂದೊಂದರಿಂದಲೂ ಸೂರ್ಯನ ತೂಕದ ಸುಮಾರು 0.6 ಪಾಲು, ಅಂದರೆ ಎರಡು ಲಕ್ಷ ಭೂಮಿಗಳಷ್ಟು ನಿಕಲ್-56 ಹೊರಬರುತ್ತದೆ. ಹೋಲಿಸಿದರೆ 1987ರ ಕುಸಿತದ ಸೂಪರ್‌ನೋವಾ ಕೊಟ್ಟದ್ದು 0.07 ಪಾಲು.

ಸೌರಮಂಡಲ ಹುಟ್ಟುವ ಮೊದಲು, 460 ಕೋಟಿ ವರ್ಷದ ಆಚೆ, ಗೆಲಾಕ್ಸಿಯ ಅನಿಲದಲ್ಲಿ ಅಸಂಖ್ಯ ಸ್ಫೋಟಗಳ ಬೂದಿ ಕಲಸಿಹೋಗಿತ್ತು. ಮೈಯಲ್ಲಿರುವ ಮೂರು-ನಾಲ್ಕು ಗ್ರಾಂ ಕಬ್ಬಿಣದಲ್ಲೂ, ಬಳ್ಳಾರಿ ಸೀಮೆಯ ಕೆಂಪು ಗುಡ್ಡಗಳಲ್ಲೂ ಇರುವುದು ಆ ಕಲಬೆರಕೆಯೇ. ಅದಿರಾಗಿ ಪದರಗಟ್ಟಿದ್ದು ಇಲ್ಲಿಯ ಹಳೆಯ ಸಮುದ್ರಗಳಲ್ಲಿ, 250 ಕೋಟಿ ವರ್ಷಕ್ಕೂ ಹಿಂದೆ. ಆ ಕೆಲಸ ಭೂಮಿಯದ್ದು, ನಕ್ಷತ್ರದ್ದಲ್ಲ.

ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ. ಅದೂ ನಕ್ಷತ್ರದ್ದೇ?

ಹೌದು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಅಷ್ಟೂ ಮೇಲೆ ಹೇಳಿದ ಎರಡೂ ಬಗೆಯ ಸ್ಫೋಟಗಳ ಒಲೆಯಲ್ಲಿ ಬೆಂದದ್ದು. ಆದರೆ ಮುದ್ದೆಯಲ್ಲಿನ ಕಾರ್ಬನ್ ಕಥೆ ಬೇರೆ: ಅದರ ದೊಡ್ಡ ಪಾಲು ಸೂಪರ್‌ನೋವಾ ನೋಡದ ನಕ್ಷತ್ರಗಳದ್ದು. ಸೂರ್ಯನಂಥವು, ಅದಕ್ಕಿಂತ ಸ್ವಲ್ಪ ದೊಡ್ಡವು, ಮುಪ್ಪಿನಲ್ಲಿ ಗಾಳಿಯಂತೆ ಊದಿ ಬಿಟ್ಟದ್ದು.

## ಸಾಕ್ಷಿ ಎಲ್ಲಿ?

ಯಾರೂ ಅಲ್ಲಿಗೆ ಹೋಗಿಲ್ಲ. ಇದೆಲ್ಲ ಊಹೆ ತಾನೇ?

ಊಹೆಯಾಗಿಯೇ ಶುರುವಾಯಿತು, ಒಪ್ಪುತ್ತೇನೆ. ಮೊದಲ ಗಟ್ಟಿ ಸಾಕ್ಷಿ 1952ರದ್ದು. ಖಗೋಳಜ್ಞ ಪಾಲ್ ಮೆರಿಲ್ ಕೆಲವು ಕೆಂಪು ನಕ್ಷತ್ರಗಳ ರೋಹಿತದಲ್ಲಿ (ಬಣ್ಣಗಳಾಗಿ ಬಿಡಿಸಿದ ಬೆಳಕಿನಲ್ಲಿ) ಟೆಕ್ನೀಷಿಯಂನ ಗೆರೆಗಳನ್ನು ಗುರುತಿಸಿದರು. ಅದು ವಿಕಿರಣಶೀಲ ಧಾತು, ಅತಿ ದೀರ್ಘ ಬಾಳುವ ರೂಪಕ್ಕೂ ಅರ್ಧಾಯುಷ್ಯ ಕೆಲವು ಹತ್ತು ಲಕ್ಷ ವರ್ಷ. ನಕ್ಷತ್ರಗಳ ವಯಸ್ಸು ಅದಕ್ಕಿಂತ ಬಹಳ ಹೆಚ್ಚು. ಹುಟ್ಟುವಾಗಲೇ ತಂದದ್ದಾಗಿದ್ದರೆ ಎಂದೋ ಮುಗಿದಿರಬೇಕಿತ್ತು. ಮನೆಗೆ ಹೋದಾಗ ಬಿಸಿ ಕಾಫಿ ಮೇಜಿನ ಮೇಲಿದ್ದರೆ ಯಾರೋ ಈಗಷ್ಟೇ ಮಾಡಿದ್ದಾರೆ ಎಂದೇ ಅರ್ಥ.

ಸ್ಫೋಟದ ಸಾಕ್ಷಿ 1987ರಲ್ಲಿ ಬಂತು. ಫೆಬ್ರವರಿ 24ರ ರಾತ್ರಿ ಚಿಲಿಯ ಲಾಸ್ ಕಂಪಾನಾಸ್‌ನಲ್ಲಿ ಇಯಾನ್ ಶೆಲ್ಟನ್ ತೆಗೆದ ಛಾಯಾಚಿತ್ರದಲ್ಲಿ ಹೊಸ ಚುಕ್ಕಿಯಿತ್ತು. ಕೆಲವು ತಿಂಗಳಲ್ಲಿ ಅದರ ಬೆಳಕು ಕುಗ್ಗಿದ ವೇಗ ಕೋಬಾಲ್ಟ್‌ನ 77 ದಿನಗಳಿಗೆ ಹೊಂದಿಕೊಂಡಿತು. ಅದೇ ವರ್ಷ ಉಪಗ್ರಹವೊಂದು ಕೋಬಾಲ್ಟ್-56 ಮಾತ್ರ ಸೂಸುವ ಗಾಮಾ ಕಿರಣದ ಗೆರೆಯನ್ನೇ ಹಿಡಿಯಿತು. ಅದು ನಿರೀಕ್ಷೆಗಿಂತ ಬೇಗ ಹೊರಬಂದಿತ್ತು. ಅಂದರೆ ಈರುಳ್ಳಿ ಪದರಗಳು ನೆಟ್ಟಗೆ ಹಾರಿರಲಿಲ್ಲ. ಒಳಗಿನದು ಹೊರಗಿನದರೊಳಗೆ ನುಗ್ಗಿ ಕಲೆಸಿಹೋಗಿತ್ತು.

ನ್ಯೂಟ್ರಿನೊ ಹಿಡಿದರು ಅಂತಾರೆ. ಎಷ್ಟು ಹಿಡಿದರು? ಕೋಲಾರಕ್ಕೂ ಇದಕ್ಕೂ ಏನೋ ಸಂಬಂಧ ಇದೆಯಂತೆ?

ಸ್ಫೋಟದ ಮೊದಲ ಬೆಳಕು ಭೂಮಿಗೆ ತಲುಪುವ ಎರಡು-ಮೂರು ಗಂಟೆ ಮೊದಲೇ, ಫೆಬ್ರವರಿ 23ರಂದು, ಜಪಾನಿನ ಕಾಮಿಯೋಕಾ ಗಣಿಯಲ್ಲಿ 11, ಅಮೆರಿಕದ ಒಂದು ಉಪ್ಪಿನ ಗಣಿಯಲ್ಲಿ 8, ಸೋವಿಯತ್ ಒಕ್ಕೂಟದ ಬಕ್ಸಾನ್‌ನಲ್ಲಿ 5. ಒಟ್ಟು ಎರಡು ಡಜನ್! ಹನ್ನೆರಡು-ಹದಿಮೂರು ಸೆಕೆಂಡಿನ ಈ ಹನಿಗಳಿಂದಲೇ ತಿರುಳು ಕುಸಿದು ನ್ಯೂಟ್ರಾನ್ ಉಂಡೆಯಾದ ಲೆಕ್ಕ ತಾಳೆಯಾಯಿತು. ಕಾಮಿಯೋಕಾದ ಮಸಾತೋಶಿ ಕೊಶಿಬಾ ಅವರಿಗೆ 2002ರ ನೊಬೆಲ್ ಬಂತು.

ಕೋಲಾರದ ಸಂಬಂಧ ಈ ಸೂಪರ್‌ನೋವಾದ್ದಲ್ಲ, ಆ ವಿದ್ಯೆಯದ್ದು. ನೆಲದಾಳಕ್ಕೆ ಹೋದಷ್ಟೂ ಬೇರೆ ಕಣಗಳ ಗದ್ದಲ ಕಡಿಮೆ. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲೇ ಕೋಲಾರದ ಚಿನ್ನದ ಗಣಿಗಳಿಗೆ ಉಪಕರಣ ಇಳಿಸಿ ವಿಶ್ವಕಿರಣಗಳನ್ನು (ಬಾಹ್ಯಾಕಾಶದಿಂದ ಬರುವ ಅತಿವೇಗದ ಕಣಗಳನ್ನು) ಅಳೆದವರು. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, 2.3 ಕಿಲೋಮೀಟರ್ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಒಸಾಕಾ ಮತ್ತು ಡರ್ಹಮ್ ವಿಶ್ವವಿದ್ಯಾಲಯಗಳ ತಂಡ ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು ಪತ್ತೆಹಚ್ಚಿತು. 2001ರಲ್ಲಿ ಗಣಿ ಮುಚ್ಚಿದ ಸುದ್ದಿ ಓದಿದಾಗ ಎಲ್ಲರೂ ಚಿನ್ನದ ಬಗ್ಗೆ ಮಾತಾಡಿದರು, ಈ ಬಗ್ಗೆ ಯಾರೂ ಆಡಲಿಲ್ಲ ಎಂಬುದು ನನಗೆ ಇನ್ನೂ ಬೇಸರ.

ಸೂಪರ್‌ನೋವಾದ ಚೂರು ಭೂಮಿಯ ಮೇಲೆ ಸಿಗುತ್ತಾ? ಕೈಯಲ್ಲಿ ಹಿಡಿಯೋಕಾಗುತ್ತಾ?

ಸಿಗುತ್ತದೆ, ಆದರೆ ಪರಮಾಣುಗಳ ಲೆಕ್ಕದಲ್ಲಿ. ಕಬ್ಬಿಣ-60 ಎಂಬುದು ಭಾರಿ ನಕ್ಷತ್ರಗಳಲ್ಲಿ ಹುಟ್ಟಿ ಸ್ಫೋಟದಲ್ಲಿ ಹೊರಬರುವ ವಿಕಿರಣಶೀಲ ಕಬ್ಬಿಣ. ಅರ್ಧಾಯುಷ್ಯ 26 ಲಕ್ಷ ವರ್ಷ. ಭೂಮಿ ಹುಟ್ಟಿದಾಗ ಇದ್ದದ್ದು ಈಗ ಒಂದೂ ಉಳಿದಿರಲಾರದು. ಆದರೂ 1999ರಲ್ಲಿ ಜರ್ಮನಿಯ ಮ್ಯೂನಿಕ್ ತಂಡ ಶಾಂತಸಾಗರದ ತಳದ ಮ್ಯಾಂಗನೀಸ್ ಪದರದಲ್ಲಿ ಅದನ್ನು ಕಂಡಿತು. ಮುಂದಿನ ಅಳತೆಗಳು ಅದು ಬಂದು ಬಿದ್ದ ಕಾಲವನ್ನು ಸುಮಾರು 20-30 ಲಕ್ಷ ವರ್ಷ ಹಿಂದೆಂದು ಗುರುತಿಸಿದವು. ಚಂದ್ರನ ಮಣ್ಣಿನಲ್ಲೂ ಸಿಕ್ಕಿತು. 2019ರಲ್ಲಿ ಅಂಟಾರ್ಕ್ಟಿಕಾದ 500 ಕಿಲೋ ಹೊಸ ಹಿಮ ಕರಗಿಸಿದಾಗ ಅದರಲ್ಲೂ ಇತ್ತು, ಅಂದರೆ ಆ ದೂಳು ಈಗಲೂ ಉದುರುತ್ತಿದೆ.

ಕೈಯಲ್ಲಿ ಹಿಡಿಯಬೇಕೆಂದರೆ 1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್‌ನಲ್ಲಿ ಬಿದ್ದ ಉಲ್ಕಾಶಿಲೆ ಬೇಕು. ಅದರೊಳಗಿನ ಸೂಕ್ಷ್ಮ ಕಾರ್ಬೊರಂಡಂ ಹರಳುಗಳಲ್ಲಿ ಕೆಲವು ಸೂರ್ಯನಿಗಿಂತ ಹಳೆಯವು, ಸೂಪರ್‌ನೋವಾದಿಂದ ನೇರ ಬಂದವು. ಟೈಟಾನಿಯಂ-44 ಕ್ಷಯಿಸಿ ಬಿಟ್ಟ ಕ್ಯಾಲ್ಸಿಯಂ-44ರ ಹೆಚ್ಚಳವೇ ಅವುಗಳ ಜಾತಕ.

ಇದರಲ್ಲಿ ನಮ್ಮವರ ಕೆಲಸ ಏನಾದ್ರೂ ಇದೆಯಾ, ಬರೀ ನಾಸಾನಾ?

ಇದೆ. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್‌ನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಡೆಸುವವರು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು. ವೀಕ್ಷಕರು ಕೂರುವುದು ಹೊಸಕೋಟೆಯಲ್ಲಿ, ಉಪಗ್ರಹ ಸಂಪರ್ಕದ ಮೂಲಕ! 2023ರ ಮೇ 19ರಂದು ಜಪಾನಿನ ಕೊಯಿಚಿ ಇಟಗಾಕಿ ಎಂ-101 ಗೆಲಾಕ್ಸಿಯಲ್ಲಿ ಪತ್ತೆಹಚ್ಚಿದ ಸೂಪರ್‌ನೋವಾವನ್ನು ಇಲ್ಲಿಂದ ಬೆನ್ನುಹತ್ತಿ ನೋಡಿದರು. 2024ರ ಜನವರಿ 1ರಂದು ಹಾರಿದ ಇಸ್ರೋದ ಎಕ್ಸ್-ಕಿರಣ ಉಪಗ್ರಹ ಎಕ್ಸ್‌ಪೋಸ್ಯಾಟ್‌ನಲ್ಲಿ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದ ‘ಎಕ್ಸ್‌ಸ್ಪೆಕ್ಟ್’ ಉಪಕರಣವಿದೆ. ಅದು ಮೊದಲು ಕಣ್ಣು ಬಿಟ್ಟದ್ದೇ ಕ್ಯಾಸಿಯೋಪಿಯ-ಎ ಕಡೆಗೆ. ಮೆಗ್ನೀಸಿಯಂ, ಸಿಲಿಕಾನ್, ಗಂಧಕ, ಆರ್ಗಾನ್, ಕ್ಯಾಲ್ಸಿಯಂ, ಕಬ್ಬಿಣ, ಅಷ್ಟೂ ಧಾತುಗಳ ಗೆರೆಗಳು ಅದರ ಮೊದಲ ರೋಹಿತದಲ್ಲೇ ಬಂದವು.

ಅದೇ ಅವಶೇಷವನ್ನು 1999ರಿಂದ ನೋಡುತ್ತಿರುವ ನಾಸಾದ ದೂರದರ್ಶಕದ ಹೆಸರು ಚಂದ್ರ, ಚಂದ್ರಶೇಖರ್ ನೆನಪಿಗೆ. ಅದರ ಲೆಕ್ಕದಂತೆ ಅಲ್ಲಿ ಹರಡಿದ ಆಮ್ಲಜನಕ ಸುಮಾರು ಹತ್ತು ಲಕ್ಷ ಭೂಮಿಗಳ ತೂಕದ್ದು, ಕಬ್ಬಿಣ 70,000 ಭೂಮಿಗಳದ್ದು.

## ಚಿನ್ನ, ಸೀಸ ಮತ್ತು ಕೆಲವು ಬಡಪಾಯಿಗಳು

ಚಿನ್ನ ಸೂಪರ್‌ನೋವಾದಲ್ಲಿ ಹುಟ್ಟಿತು ಅಂತ ನಮ್ಮ ಮೇಷ್ಟ್ರು ಹೇಳಿದ್ರು. ಈಗ ಅಲ್ಲ ಅಂತೀರಾ?

ಮೇಷ್ಟ್ರ ತಪ್ಪಲ್ಲ, ಆಗ ಎಲ್ಲರೂ ಹಾಗೇ ಅಂದುಕೊಂಡಿದ್ದರು. ಕಬ್ಬಿಣಕ್ಕಿಂತ ಭಾರದ ಧಾತುಗಳಿಗೆ ದಾರಿ ನ್ಯೂಟ್ರಾನ್. ಅದಕ್ಕೆ ವಿದ್ಯುದಾವೇಶವಿಲ್ಲ, ನ್ಯೂಕ್ಲಿಯಸ್ ಅದನ್ನು ತಳ್ಳುವುದಿಲ್ಲ. ಚಿನ್ನ, ಪ್ಲಾಟಿನಂ, ಯುರೇನಿಯಂ ಆಗಬೇಕಾದರೆ ನ್ಯೂಟ್ರಾನುಗಳು ಸುರಿಮಳೆಯಂತೆ, ಒಂದು ಜೀರ್ಣವಾಗುವ ಮೊದಲೇ ಇನ್ನೊಂದು ಎಂಬಂತೆ, ಬೀಳಬೇಕು. 1957ರಲ್ಲಿ ಮಾರ್ಗರೆಟ್ ಬರ್ಬಿಡ್ಜ್, ಜೆಫ್ರಿ ಬರ್ಬಿಡ್ಜ್, ಫೌಲರ್, ಹಾಯ್ಲ್ ನಾಲ್ವರೂ ಬರೆದ ಹೆಸರಾಂತ ಪ್ರಬಂಧ ಈ ‘ಕ್ಷಿಪ್ರ’ ಕ್ರಿಯೆಯನ್ನು ವಿವರಿಸಿ ಜಾಗ ಸೂಪರ್‌ನೋವಾ ಇರಬೇಕು ಎಂದಿತು. ಆದರೆ ಮುಂದೆ ಗಣಕ ಮಾದರಿಗಳು ಸುಧಾರಿಸಿದಂತೆ, ಸಾಮಾನ್ಯ ಸೂಪರ್‌ನೋವಾದಲ್ಲಿ ನ್ಯೂಟ್ರಿನೊಗಳು ಊದಿ ಹೊರಹಾಕುವ ಅನಿಲದಲ್ಲಿ ಅಷ್ಟು ನ್ಯೂಟ್ರಾನ್ ಇರುವುದೇ ಇಲ್ಲ ಎಂದು ತಿಳಿಯಿತು.

2017ರ ಆಗಸ್ಟ್ 17ರಂದು ಗುರುತ್ವ ಅಲೆ ಹಿಡಿಯುವ ವೀಕ್ಷಣಾಲಯಗಳಾದ ಲೈಗೋ ಮತ್ತು ವಿರ್ಗೊ, ಎರಡು ನ್ಯೂಟ್ರಾನ್ ನಕ್ಷತ್ರಗಳು ಢಿಕ್ಕಿಯಾದ ಗುರುತ್ವ ಅಲೆಯನ್ನು ಹಿಡಿದವು. 1.7 ಸೆಕೆಂಡಿನ ನಂತರ ಗಾಮಾ ಕಿರಣದ ಹೊಳಪು. ಸುಮಾರು 11 ಗಂಟೆಯ ಮೇಲೆ 13 ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯಲ್ಲಿ ಹೊಸ ಚುಕ್ಕಿ ಕಂಡದ್ದು ಮತ್ತೆ ಅದೇ ಲಾಸ್ ಕಂಪಾನಾಸ್‌ನಿಂದ! ನೀಲಿಯಾಗಿ ಹೊಳೆದು ದಿನಗಳಲ್ಲೇ ಕೆಂಪಾದ ಅದರ ಬೆಳಕು ಭಾರಿ ಧಾತುಗಳ ಕ್ಷಯದ್ದು. 2019ರಲ್ಲಿ ಅದರ ರೋಹಿತದಲ್ಲಿ ಸ್ಟ್ರಾನ್ಷಿಯಂ ಅನ್ನು ಬಿಡಿಸಿ ಗುರುತಿಸಿದರು.

ಹಾಗೆಂದು ಸೂಪರ್‌ನೋವಾವನ್ನು ಪೂರ್ತಿ ಕೈಬಿಡಬೇಡಿ. ಢಿಕ್ಕಿಯಾಗುವ ನ್ಯೂಟ್ರಾನ್ ನಕ್ಷತ್ರಗಳನ್ನು ಹೆತ್ತದ್ದೇ ಎರಡು ಸೂಪರ್‌ನೋವಾಗಳು. ಜೊತೆಗೆ ಅತಿವೇಗವಾಗಿ ತಿರುಗುವ, ಪ್ರಬಲ ಕಾಂತಕ್ಷೇತ್ರದ ವಿರಳ ಸ್ಫೋಟಗಳಲ್ಲಿ ಚಿನ್ನ ಹುಟ್ಟಬಹುದೆಂಬ ವಾದ ಇನ್ನೂ ಗಟ್ಟಿಯಾಗಿದೆ. ಎಷ್ಟು ಪಾಲು ಯಾರದ್ದು ಎಂಬ ಜಗಳ ಮುಗಿದಿಲ್ಲ, ಅಕ್ಷಯ ತೃತೀಯದೊಳಗೆ ಮುಗಿಯುವ ಸೂಚನೆಯೂ ಇಲ್ಲ.

ಸೀಸ, ಬೇರಿಯಂ ಕೂಡ ಹಾಗೇನಾ?

ಬಹುತೇಕ ಅಲ್ಲ. ಅವು ನಿಧಾನದ ಅಡುಗೆ. ಮುಪ್ಪಿನ ಕೆಂಪು ದೈತ್ಯಗಳೊಳಗೆ ನ್ಯೂಟ್ರಾನ್ ಅಪರೂಪಕ್ಕೊಮ್ಮೆ ಅಂಟುತ್ತ ಸಾವಿರಾರು ವರ್ಷಗಳಲ್ಲಿ ಒಂದೊಂದೇ ಮೆಟ್ಟಿಲು ಏರುತ್ತದೆ. ಮೆರಿಲ್ ಕಂಡ ಟೆಕ್ನೀಷಿಯಂ ಈ ಒಲೆಯದೇ.

ಸ್ಫೋಟದಲ್ಲೂ ಆಗದ, ನಕ್ಷತ್ರದಲ್ಲೂ ಆಗದ ಧಾತು ಇದೆಯಾ?

ಬೆರಿಲಿಯಂ, ಬೋರಾನ್. ನಕ್ಷತ್ರದ ಒಡಲು ಇವನ್ನು ಮಾಡುವುದಿರಲಿ, ಇದ್ದರೆ ತಿಂದುಹಾಕುತ್ತದೆ. ಇವು ಹುಟ್ಟುವುದು ಬಯಲಿನಲ್ಲಿ: ವಿಶ್ವಕಿರಣಗಳು ಕಾರ್ಬನ್, ಆಮ್ಲಜನಕದ ನ್ಯೂಕ್ಲಿಯಸ್ಸುಗಳಿಗೆ ಬಡಿದು ಚೂರು ಹಾರಿಸಿದಾಗ. ಆ ವಿಶ್ವಕಿರಣಗಳಿಗೆ ವೇಗ ಕೊಡುವುದು ಮುಖ್ಯವಾಗಿ ಸೂಪರ್‌ನೋವಾ ಅವಶೇಷಗಳು ಎಂಬುದು ಬೇರೆ ಮಾತು.

## ಗೆಲಾಕ್ಸಿಯ ಮಟ್ಟದಲ್ಲಿ

ಧಾತುಗಳನ್ನು ನೋಡಿ ನಕ್ಷತ್ರದ ಕಾಲ ಹೇಳಬಹುದು ಅಂತಾರೆ. ಹೇಗೆ?

ಎರಡು ಬಗೆಯ ಸ್ಫೋಟಗಳ ಗಡಿಯಾರ ಬೇರೆ ಬೇರೆ. ಭಾರಿ ನಕ್ಷತ್ರ ಹುಟ್ಟಿದ ಕೆಲವೇ ಕೋಟಿ ವರ್ಷದೊಳಗೆ ಸಿಡಿದು ಆಮ್ಲಜನಕ, ಮೆಗ್ನೀಸಿಯಂ ಚೆಲ್ಲುತ್ತದೆ. ಶ್ವೇತಕುಬ್ಜ ತಯಾರಾಗಿ ಸಿಡಿಯಲು ಎಷ್ಟೋ ಬಾರಿ ನೂರು ಕೋಟಿ ವರ್ಷಗಳೇ ಹಿಡಿಯುತ್ತವೆ. ಅದರ ಕಬ್ಬಿಣ ತಡವಾಗಿ ಬರುತ್ತದೆ. ಹಾಗಾಗಿ ಕ್ಷೀರಪಥದ ಹೊರವಲಯದ ಹಳೆಯ ನಕ್ಷತ್ರಗಳಲ್ಲಿ ಕಬ್ಬಿಣಕ್ಕೆ ಹೋಲಿಸಿದರೆ ಮೆಗ್ನೀಸಿಯಂ ಸೂರ್ಯನಲ್ಲಿರುವುದಕ್ಕಿಂತ ಎರಡು-ಮೂರು ಪಟ್ಟು ಹೆಚ್ಚು. ಯಾವ ಹಂತದಲ್ಲಿ ಈ ಅನುಪಾತ ಇಳಿಯತೊಡಗಿತು ಎಂಬುದನ್ನು ನೋಡಿ ಆ ಗೆಲಾಕ್ಸಿ ಎಷ್ಟು ಅವಸರದಲ್ಲಿ ನಕ್ಷತ್ರಗಳನ್ನು ಹುಟ್ಟಿಸಿತು ಎಂದು ಹೇಳುತ್ತಾರೆ. ಪುಟ್ಟ ಗೆಲಾಕ್ಸಿಗಳಲ್ಲಿ ಇಳಿತ ಬೇಗ ಶುರುವಾಗುತ್ತದೆ, ಏಕೆಂದರೆ ಅಲ್ಲಿ ಮೊದಲ ಸುತ್ತಿನ ಅಡುಗೆ ಕಡಿಮೆ.

ಈ ದಾರಿಯ ತೀರಾ ಆರಂಭದಲ್ಲಿ 2014ರಲ್ಲಿ ಆಸ್ಟ್ರೇಲಿಯಾದವರು ಕಂಡ ಒಂದು ನಕ್ಷತ್ರವಿದೆ. ಅದರಲ್ಲಿ ಕಬ್ಬಿಣ ಸೂರ್ಯನಲ್ಲಿರುವುದರ ಕೋಟಿಯಲ್ಲಿ ಒಂದು ಪಾಲಿಗೂ ಕಡಿಮೆ, ಅಳತೆಗೇ ಸಿಗಲಿಲ್ಲ. ಆದರೆ ಕಾರ್ಬನ್ ಇತ್ತು. ವಿಶ್ವದ ಮೊದಲ ತಲೆಮಾರಿನ ಒಂದೇ ಒಂದು ನಕ್ಷತ್ರ ಮೆತ್ತಗೆ ಸಿಡಿದು, ಒಳಗಿನ ಕಬ್ಬಿಣವೆಲ್ಲ ಕಪ್ಪುಕುಳಿಗೆ ವಾಪಸು ಬಿದ್ದು, ಹೊರಪದರ ಮಾತ್ರ ಪಾರಾದ ಬೂದಿಯಿಂದ ಅದು ಹುಟ್ಟಿತೆಂದು ಲೆಕ್ಕ.

ಎಲ್ಲಾ ದೊಡ್ಡ ನಕ್ಷತ್ರನೂ ಸಿಡಿಯಲೇಬೇಕಾ?

ಬೇಕಿಲ್ಲ. ನಿಂತುಹೋದ ಆಘಾತದ ಅಲೆ ಮತ್ತೆ ಏಳದಿದ್ದರೆ ಇಡೀ ನಕ್ಷತ್ರ ಸದ್ದಿಲ್ಲದೆ ಕಪ್ಪುಕುಳಿಯಾಗುತ್ತದೆ, ಬೆಂದ ಧಾತುಗಳೆಲ್ಲ ಅದರ ಹೊಟ್ಟೆಗೆ. ಎನ್‌ಜಿಸಿ 6946 ಗೆಲಾಕ್ಸಿಯಲ್ಲಿ ಸೂರ್ಯನ ಸುಮಾರು 25 ಪಟ್ಟು ತೂಕದ ಒಂದು ಕೆಂಪು ಮಹಾದೈತ್ಯ 2009ರಲ್ಲಿ ಸ್ವಲ್ಪ ಮಿನುಗಿ, ಆಮೇಲೆ ಕಣ್ಣಿಗೆ ಕಾಣದಾಯಿತು. ಹೀಗೇ ಸತ್ತಿರಬಹುದೆಂದು ಹಲವರು. ದೂಳಿನ ಹಿಂದೆ ಬದುಕಿದೆ ಎಂದು ಕೆಲವರು.

ಸಿಡಿದ ಧಾತು ಗೆಲಾಕ್ಸಿಯಲ್ಲೇ ಇರುತ್ತಾ, ಆಚೆಗೂ ಹೋಗುತ್ತಾ?

ಎರಡೂ. ಅವಶೇಷ ಹತ್ತಾರು ಸಾವಿರ ವರ್ಷ ಹಿಗ್ಗುತ್ತ, ಸುತ್ತಲಿನ ಅನಿಲವನ್ನು ಗುಡಿಸುತ್ತ, ಕೊನೆಗೆ ಅದರಲ್ಲಿ ಕರಗುತ್ತದೆ. ನಕ್ಷತ್ರಗಳು ಗುಂಪಾಗಿ ಹುಟ್ಟಿ ಗುಂಪಾಗಿ ಸಿಡಿಯುವ ಎಂ-82ನಂಥ ಗೆಲಾಕ್ಸಿಯಲ್ಲಿ ಕಾದ ಅನಿಲ ತಟ್ಟೆಯ ಮೇಲಕ್ಕೂ ಕೆಳಕ್ಕೂ ಕಾರಂಜಿಯಂತೆ ಚಿಮ್ಮುತ್ತದೆ. ಗೆಲಾಕ್ಸಿ ಗುಂಪುಗಳೊಳಗೆ, ಗೆಲಾಕ್ಸಿಗಳ ನಡುವಣ ಬಯಲಿನ ಬಿಸಿ ಅನಿಲದಲ್ಲೂ ಕಬ್ಬಿಣವಿದೆ. ಸಾಂದ್ರತೆ ಸೂರ್ಯನಲ್ಲಿರುವುದರ ಮೂರನೇ ಒಂದರಷ್ಟು. 1970ರ ದಶಕದಲ್ಲಿ ಎಕ್ಸ್-ಕಿರಣ ಉಪಗ್ರಹಗಳು ಇದನ್ನು ಕಂಡಾಗಲೇ ಗೆಲಾಕ್ಸಿಗಳು ಮುಚ್ಚಿದ ಡಬ್ಬಿಗಳಲ್ಲ ಎಂದು ಮನವರಿಕೆಯಾದದ್ದು.

ಈಗಲೂ ಹೊಸ ಧಾತು ಹುಟ್ಟುತ್ತಿದೆಯಾ, ಆ ಕಾಲ ಮುಗಿಯಿತಾ?

ಹುಟ್ಟುತ್ತಿದೆ, ಅದರ ನಕ್ಷೆಯೂ ಇದೆ. ಅಲ್ಯೂಮಿನಿಯಂ-26ರ ಅರ್ಧಾಯುಷ್ಯ ಏಳು ಲಕ್ಷ ವರ್ಷ ಚಿಲ್ಲರೆ. ಅದು ಕ್ಷಯಿಸುವಾಗ ಬಿಡುವ 1.809 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್‌ನ ಗಾಮಾ ಕಿರಣ ಇಡೀ ಕ್ಷೀರಪಥದ ಉದ್ದಕ್ಕೂ ಹೊಳೆಯುತ್ತದೆ, ಅದರಲ್ಲೂ ಭಾರಿ ನಕ್ಷತ್ರಗಳು ಹುಟ್ಟುವ ತಾಣಗಳಲ್ಲಿ. 2006ರಲ್ಲಿ ಯುರೋಪಿನ ಇಂಟೆಗ್ರಲ್ ಉಪಗ್ರಹದ ಅಳತೆಯಿಂದ ನಮ್ಮ ಗೆಲಾಕ್ಸಿಯಲ್ಲಿ ಈಗ ಸುಮಾರು 2.8 ಸೂರ್ಯರ ತೂಕದಷ್ಟು ಈ ಅಲ್ಯೂಮಿನಿಯಂ ಇದೆಯೆಂದು ಲೆಕ್ಕ ಸಿಕ್ಕಿತು. ಅಷ್ಟನ್ನು ತುಂಬುತ್ತ ಇರಬೇಕಾದರೆ ಶತಮಾನಕ್ಕೆ ಸುಮಾರು ಎರಡು ಭಾರಿ ನಕ್ಷತ್ರಗಳು ಸಿಡಿಯುತ್ತಿರಬೇಕು. ಮೇಲೆ ಅಜ್ಜನ ಪ್ರಶ್ನೆಗೆ ಕೊಟ್ಟ ಉತ್ತರಕ್ಕೆ ಈ ಲೆಕ್ಕವೂ ಒಂದು ಆಧಾರ.